ಒಕ್ಕೂಟದ ಅಧಿಕಾರ, ರಾಜ್ಯದ ಅಧಿಕಾರ

ದೆಹಲಿಯ ಸರಕಾರವನ್ನು 'ಮೇಲಿನ ಸರಕಾರ'ವೆಂದೂ ಬೆಂಗಳೂರಿನದನ್ನು 'ಕೆಳಗಿನ ಸರಕಾರ'ವೆಂದೂ ಕರೆಯುವ ವಾಡಿಕೆ ನಮ್ಮ ಜನರಲ್ಲಿ ಬೇರೂರಿದೆ. 'ರಾಜ್ಯಗಳಿಗೆ ಅಧಿಕಾರವನ್ನು ಕೊಟ್ಟವರು ಯಾರು?' ಎಂಬ ಪ್ರಶ್ನೆಗೆ ಬಹುಪಾಲು ವಿದ್ಯಾರ್ಥಿಗಳು 'ಕೇಂದ್ರ ಸರಕಾರ' ಎಂದು ಉತ್ತರ ಬರೆಯುವುದನ್ನು ನಾನು ಅಧ್ಯಾಪಕನಾಗಿದ್ದ ಕಾಲದುದ್ದಕ್ಕೂ ಕಂಡಿದ್ದೇನೆ. ಮಕ್ಕಳ ತಪ್ಪೇನೂ ಅಲ್ಲ. ಹಿರಿಯರ ಮಾತು ಮಕ್ಕಳ ಉತ್ತರಪತ್ರಿಕೆಗೆ ಇಳಿದು ಬಂದಿದೆ, ಅಷ್ಟೇ. ಆದರೆ ಉತ್ತರವು ತಪ್ಪೆಂಬುದರಲ್ಲಿ ಸಂದೇಹವಿಲ್ಲ. ನಮ್ಮ ದೇಶದಲ್ಲಿ ರಾಜ್ಯಕ್ಕೆ ಅಧಿಕಾರವನ್ನು ಕೊಟ್ಟಿರುವುದು ಸಂವಿಧಾನ. ಒಕ್ಕೂಟಕ್ಕೆ ಅಧಿಕಾರವನ್ನು ಕೊಟ್ಟಿರುವುದೂ ಅದೇ ಸಂವಿಧಾನ. ಆ ಸಂವಿಧಾನಕ್ಕೆ ಬಲವನ್ನು ಕೊಟ್ಟವರು ಜನತೆ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನು ಹಿರಿಯನಿರಬಹುದು, ಬಲಿಷ್ಠನಿರಬಹುದು. ಆದರೆ ಅಣ್ಣನು ತಮ್ಮನಿಗೆ ಜನ್ಮವಿತ್ತವನಲ್ಲ.

ಶರಣಸಾಹಿತ್ಯಕ್ಕೆ ಮೀಸಲಾದ ಪತ್ರಿಕೆಯಲ್ಲಿ ರಾಜ್ಯಶಾಸ್ತ್ರದ ಮಾತೇಕೆಂದು ಕೆಲವು ವಾಚಕರಿಗೆ ಅನ್ನಿಸಬಹುದು. ಹನ್ನೆರಡನೆಯ ಶತಮಾನದ ಶರಣರು ಇಂದಿನ ಸಂವಿಧಾನವನ್ನು ಅಂದೇ ಕಂಡಿದ್ದರೆಂದು ಸಾಧಿಸುವ ಹುಮ್ಮಸ್ಸು ನನಗಿಲ್ಲ. ಅಂತಹ ಅತ್ಯುಕ್ತಿಯಿಂದ ವಚನಗಳಿಗೂ ಗೌರವ ಬಾರದು, ಸಂವಿಧಾನಕ್ಕೂ ಬಾರದು. ಆದರೆ ಕಾಯಕವೆಂಬುದು ದುಡಿಮೆಯ ಹಂಚಿಕೆಗೆ ಸಂಬಂಧಿಸಿದ ಮಾತು. ದಾಸೋಹವೆಂಬುದು ದುಡಿಮೆಯ ಫಲದ ಹಂಚಿಕೆಗೆ ಸಂಬಂಧಿಸಿದ ಮಾತು. ಯಾವ ಕೆಲಸ ಯಾರದು, ಬಂದ ಧನ ಯಾರಿಗೆ ಎಷ್ಟು ಎಂಬ ಇವೆರಡು ಪ್ರಶ್ನೆಗಳೇ ಒಕ್ಕೂಟ ಪದ್ಧತಿಯ ಜೀವಾಳ. ಆದುದರಿಂದ ಕಾಯಕ ದಾಸೋಹಗಳ ಪರಿಭಾಷೆಯಲ್ಲಿ ಬೆಳೆದವರಿಗೆ ಈ ವಿಷಯವು ಅಪರಿಚಿತವೆನಿಸಬೇಕಾಗಿಲ್ಲ.

'ಒಕ್ಕೂಟ' ಎಂಬ ಪದ

ಮೊದಲು ಪದದ ವಿಚಾರವನ್ನು ನೋಡೋಣ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ ಒಂದನೆಯ ಅನುಚ್ಛೇದದಲ್ಲಿಯೇ ಭಾರತವನ್ನು ರಾಜ್ಯಗಳ ಒಕ್ಕೂಟವೆಂದು ವರ್ಣಿಸಿದೆ. ನಾವು ದಿನಬಳಕೆಯಲ್ಲಿ 'ಕೇಂದ್ರ' ಎನ್ನುತ್ತೇವೆ. ಕೇಂದ್ರವೆಂದೊಡನೆ ಒಂದು ವೃತ್ತವೂ ಅದರ ಅಂಚಿನಲ್ಲಿ ಸುತ್ತುವ ಬಿಂದುಗಳೂ ಮನಸ್ಸಿಗೆ ಬರುತ್ತವೆ. ಒಕ್ಕೂಟವೆಂದಾಗ ಮೂಡುವ ಚಿತ್ರವೇ ಬೇರೆ. ಅಲ್ಲಿ ಹಲವರು ಕೂಡಿ ಕುಳಿತಿದ್ದಾರೆ.

ಕೂಡುವಿಕೆಯಲ್ಲಿಯೂ ಎರಡು ಬಗೆಯುಂಟು. ಕೂಡಲಸಂಗಮದಲ್ಲಿ ಮಲಪ್ರಭೆಯು ಕೃಷ್ಣೆಯನ್ನು ಕೂಡುತ್ತಾಳೆ. ಅಲ್ಲಿಂದ ಮುಂದೆ ಮಲಪ್ರಭೆಯೆಂಬ ಹೆಸರಿಲ್ಲ, ಕೃಷ್ಣೆಯೊಂದೇ. ಷಟ್‌ಸ್ಥಲದ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಐಕ್ಯ. ಸಾಧಕನಿಗೆ ಐಕ್ಯವು ಪರಮಪದವಿರಬಹುದು, ರಾಜ್ಯಗಳಿಗೆ ಅಲ್ಲ. ಒಕ್ಕೂಟದಲ್ಲಿ ಕೂಡಿದ ಮೇಲೆಯೂ ಕರ್ನಾಟಕವು ಕರ್ನಾಟಕವಾಗಿ, ಕೇರಳವು ಕೇರಳವಾಗಿ ಉಳಿಯುತ್ತವೆ; ತಮ್ಮ ವಿಧಾನಸಭೆ, ತಮ್ಮ ಆಯವ್ಯಯ, ತಮ್ಮ ಆಡಳಿತಭಾಷೆಗಳನ್ನು ಉಳಿಸಿಕೊಳ್ಳುತ್ತವೆ. ಆದರೆ ಕೂಟವನ್ನು ಬಿಟ್ಟೇಳುವ ಹಕ್ಕು ಯಾವ ರಾಜ್ಯಕ್ಕೂ ಇಲ್ಲ. ೧೯೪೮ರ ನವೆಂಬರ್ ೪ರಂದು ಸಂವಿಧಾನ ರಚನಾಸಭೆಯಲ್ಲಿ ಕರಡನ್ನು ಮಂಡಿಸುತ್ತ ಡಾ. ಅಂಬೇಡ್ಕರರು ಇದನ್ನೇ ಸ್ಪಷ್ಟಪಡಿಸಿದರು: ಈ ಒಕ್ಕೂಟವು ರಾಜ್ಯಗಳು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದದ ಫಲವಲ್ಲ, ಆದುದರಿಂದ ಅದರಿಂದ ಬೇರ್ಪಡುವ ಅಧಿಕಾರವೂ ಯಾರಿಗೂ ಇಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮೂರನೆಯ ಅನುಚ್ಛೇದದ ಪ್ರಕಾರ ಹೊಸ ರಾಜ್ಯಗಳನ್ನು ರಚಿಸುವ, ಇರುವ ರಾಜ್ಯಗಳ ಗಡಿಯನ್ನೂ ಹೆಸರನ್ನೂ ಬದಲಿಸುವ ಅಧಿಕಾರ ಸಂಸತ್ತಿಗಿದೆ. ಸಂಬಂಧಪಟ್ಟ ರಾಜ್ಯದ ಶಾಸಕಾಂಗದ ಅಭಿಪ್ರಾಯವನ್ನು ಕೇಳಬೇಕು. ಅದರಂತೆಯೇ ನಡೆಯಬೇಕೆಂಬ ನಿಯಮವಿಲ್ಲ. ರಾಜ್ಯಗಳ ಪಾಲಿಗೆ ಇದು ದೌರ್ಬಲ್ಯವೆಂದು ಹಲವರು ಹೇಳುತ್ತಾರೆ. ಮಾತು ನಿಜ. ಆದರೆ ಕನ್ನಡಿಗರು ಇದರ ಮತ್ತೊಂದು ಮುಖವನ್ನೂ ಮರೆಯಬಾರದು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂದು ಹರಿದು ಹಂಚಿಹೋಗಿದ್ದ ನಾಡನ್ನು ೧೯೫೬ರ ನವೆಂಬರ್ ೧ರಂದು ಒಂದುಗೂಡಿಸಿದ್ದು ಸಂಸತ್ತಿನ ರಾಜ್ಯಪುನರ್ವಿಂಗಡಣೆಯ ಶಾಸನವೇ. ಒಂದೊಂದು ರಾಜ್ಯವೂ ತನ್ನ ಜಿಲ್ಲೆಗಳನ್ನು ಬಿಟ್ಟುಕೊಡಲು ಒಪ್ಪಿಗೆ ಕೊಡಲೇಬೇಕೆಂಬ ನಿಯಮವಿದ್ದಿದ್ದರೆ ಏಕೀಕರಣದ ಕನಸು ಇನ್ನೆಷ್ಟು ಕಾಲ ಕಾಯಬೇಕಾಗುತ್ತಿತ್ತೋ! ೧೯೭೩ರ ನವೆಂಬರ್ ೧ರಂದು 'ಮೈಸೂರು' ಎಂಬುದು 'ಕರ್ನಾಟಕ'ವಾದದ್ದೂ ಇದೇ ಅಧಿಕಾರದಿಂದ. ಅಂದಮೇಲೆ ಒಕ್ಕೂಟದ ಬಲವೆಲ್ಲ ರಾಜ್ಯಕ್ಕೆ ಕೇಡೆಂದು ತಿಳಿಯುವುದು ಏಕಪಕ್ಷೀಯವಾದೀತು.

ಮೂರು ಪಟ್ಟಿಗಳು

ಕೆಲಸದ ಹಂಚಿಕೆಯನ್ನು ಸಂವಿಧಾನವು ೨೪೬ನೆಯ ಅನುಚ್ಛೇದದಲ್ಲಿಯೂ ಏಳನೆಯ ಅನುಸೂಚಿಯಲ್ಲಿಯೂ ಹೇಳಿದೆ. ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ: ಒಕ್ಕೂಟದ ಪಟ್ಟಿ, ರಾಜ್ಯಪಟ್ಟಿ, ಸಮವರ್ತಿ ಪಟ್ಟಿ. ಮೂಲದಲ್ಲಿ ಇವುಗಳಲ್ಲಿ ಅನುಕ್ರಮವಾಗಿ ೯೭, ೬೬, ೪೭ ನಮೂದುಗಳಿದ್ದವು. ದೇಶರಕ್ಷಣೆ, ವಿದೇಶವ್ಯವಹಾರ, ರೈಲ್ವೆ, ಅಂಚೆ, ನಾಣ್ಯ, ಅಣುಶಕ್ತಿ ಮೊದಲಾದುವು ಒಕ್ಕೂಟಕ್ಕೆ ಸೇರಿದುವು. ಪೊಲೀಸು, ಸಾರ್ವಜನಿಕ ಆರೋಗ್ಯ, ಕೃಷಿ, ಭೂಕಂದಾಯ, ಸ್ಥಳೀಯ ಸಂಸ್ಥೆಗಳು ಮೊದಲಾದುವು ರಾಜ್ಯಕ್ಕೆ ಸೇರಿದುವು. ವಿವಾಹ, ವಾರಸುದಾರಿಕೆ, ಅಪರಾಧ ಕಾನೂನು, ಕಾರ್ಮಿಕಹಿತ, ವಿದ್ಯುಚ್ಛಕ್ತಿ ಇವೇ ಮೊದಲಾದುವುಗಳ ಮೇಲೆ ಇಬ್ಬರೂ ಕಾನೂನು ಮಾಡಬಹುದು. ಇದೇ ಸಮವರ್ತಿ ಪಟ್ಟಿ. ಇಬ್ಬರ ಕಾನೂನುಗಳು ಪರಸ್ಪರ ವಿರುದ್ಧವಾದರೆ ೨೫೪ನೆಯ ಅನುಚ್ಛೇದದಂತೆ ಸಂಸತ್ತಿನ ಕಾನೂನೇ ನಿಲ್ಲುತ್ತದೆ. ರಾಜ್ಯದ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ದೊರೆತಿದ್ದರೆ ಆ ರಾಜ್ಯದಮಟ್ಟಿಗೆ ಅದು ಊರ್ಜಿತವಾಗುತ್ತದೆ, ಆದರೆ ಸಂಸತ್ತು ಮುಂದೆ ಅದನ್ನೂ ಬದಲಿಸಬಹುದು. ಯಾವ ಪಟ್ಟಿಯಲ್ಲಿಯೂ ಇಲ್ಲದ ವಿಷಯ, ಅಂದರೆ ಶೇಷಾಧಿಕಾರ, ೨೪೮ನೆಯ ಅನುಚ್ಛೇದದಂತೆ ಸಂಸತ್ತಿನದು. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಉಳಿದ ಅಧಿಕಾರವು ರಾಜ್ಯಗಳದು. ನಮ್ಮಲ್ಲಿ ಅದಕ್ಕೆ ವಿಪರ್ಯಯ.

ಹೀಗೇಕಾಯಿತು? ಉತ್ತರವು ಇತಿಹಾಸದಲ್ಲಿದೆ. ಮೂರು ಪಟ್ಟಿಗಳ ಚೌಕಟ್ಟು ೧೯೩೫ರ ಭಾರತ ಸರಕಾರದ ಶಾಸನದಲ್ಲಿಯೇ ಇತ್ತು. ೧೯೪೬ರಲ್ಲಿ ಬ್ರಿಟಿಷ್ ಕ್ಯಾಬಿನೆಟ್ ನಿಯೋಗವು ಮುಂದಿಟ್ಟ ಯೋಜನೆಯಲ್ಲಿ ಒಕ್ಕೂಟಕ್ಕೆ ರಕ್ಷಣೆ, ವಿದೇಶಾಂಗ, ಸಂಪರ್ಕ ಎಂಬ ಮೂರೇ ವಿಷಯಗಳಿದ್ದು, ಉಳಿದುದೆಲ್ಲ ಪ್ರಾಂತಗಳದಾಗಿತ್ತು. ದೇಶವನ್ನು ಒಂದಾಗಿ ಉಳಿಸಿಕೊಳ್ಳುವ ಆಸೆಯಿಂದ ದುರ್ಬಲ ಕೇಂದ್ರವನ್ನು ಒಪ್ಪುವ ಸ್ಥಿತಿ ಅಂದಿತ್ತು. ೧೯೪೭ರ ಜೂನ್ ೩ರಂದು ವಿಭಜನೆಯ ಯೋಜನೆ ಪ್ರಕಟವಾದೊಡನೆ ಆ ಅನಿವಾರ್ಯತೆ ತಪ್ಪಿತು. ರಕ್ತಪಾತವನ್ನೂ ನಿರಾಶ್ರಿತರ ಪ್ರವಾಹವನ್ನೂ ಕಣ್ಣಾರೆ ಕಂಡ ರಚನಾಸಭೆಯು ಬಲವುಳ್ಳ ಒಕ್ಕೂಟವನ್ನು ಆರಿಸಿಕೊಂಡಿತು. ಆ ಭಯವು ಕಾಲ್ಪನಿಕವಾಗಿರಲಿಲ್ಲ.

ಆದರೆ ಪಟ್ಟಿಗಳಲ್ಲಿ ಅಡಗಿರುವ ತತ್ತ್ವವನ್ನು ಬಲಾಬಲದ ಲೆಕ್ಕವೊಂದರಿಂದಲೇ ಅಳೆಯಬಾರದು. ಮಡಿವಾಳ ಮಾಚಯ್ಯನ ಕಾಯಕ ಬೇರೆ, ಅಂಬಿಗರ ಚೌಡಯ್ಯನ ಕಾಯಕ ಬೇರೆ. ಬಟ್ಟೆ ಒಗೆಯುವವನು ದೋಣಿ ನಡೆಸುವವನಿಗೆ ಅಧೀನನಲ್ಲ. ದೋಣಿ ನಡೆಸುವವನು ಬಟ್ಟೆ ಒಗೆಯುವವನಿಗೆ ಅಧೀನನಲ್ಲ. ಹಾಗೆಯೇ ಗಡಿಯನ್ನು ಕಾಯುವ ಒಕ್ಕೂಟವು ಊರಿನ ಆಸ್ಪತ್ರೆಯನ್ನು ನಡೆಸುವ ರಾಜ್ಯಕ್ಕಿಂತ ಮೇಲಿನದೆನ್ನುವಂತಿಲ್ಲ. ರಾಜ್ಯಪಟ್ಟಿಯಲ್ಲಿರುವ ಕಾರ್ಯವನ್ನು ರಾಜ್ಯವು ಮಾಡುವಾಗ ಅದು ದೆಹಲಿಯ ಪರವಾಗಿ ಮಾಡುತ್ತಿಲ್ಲ, ತನ್ನ ಕಾಯಕವನ್ನು ತಾನು ಮಾಡುತ್ತಿದೆ.

ಎಲ್ಲೆಗಳು ಯಾವಾಗಲೂ ಗೆರೆ ಎಳೆದಂತೆ ಇರುತ್ತವೆಯೆಂದಲ್ಲ. ನೀರನ್ನು ನೋಡಿ. ನೀರು, ನೀರಾವರಿಗಳು ರಾಜ್ಯಪಟ್ಟಿಯ ೧೭ನೆಯ ನಮೂದು. ಆದರೆ ಅದು ಅಂತರರಾಜ್ಯ ನದಿಗಳನ್ನು ಕುರಿತ ಒಕ್ಕೂಟಪಟ್ಟಿಯ ೫೬ನೆಯ ನಮೂದಿಗೆ ಒಳಪಟ್ಟಿದೆ. ನದಿಯು ಪಟ್ಟಿಯನ್ನು ಓದಿ ಹರಿಯುವುದಿಲ್ಲವಷ್ಟೆ! ಆದುದರಿಂದಲೇ ೨೬೨ನೆಯ ಅನುಚ್ಛೇದ, ಅದರಡಿಯಲ್ಲಿ ೧೯೫೬ರ ಅಂತರರಾಜ್ಯ ಜಲವಿವಾದಗಳ ಶಾಸನ, ೧೯೯೦ರಲ್ಲಿ ಕಾವೇರಿ ನ್ಯಾಯಮಂಡಲಿ, ೨೦೦೭ರಲ್ಲಿ ಅದರ ಅಂತಿಮ ತೀರ್ಪು, ೨೦೧೮ರ ಫೆಬ್ರುವರಿ ೧೬ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪು. ಆ ತೀರ್ಪಿನಲ್ಲಿ ಕರ್ನಾಟಕದ ಪಾಲು ೨೮೪.೭೫ ಟಿ.ಎಂ.ಸಿ., ತಮಿಳುನಾಡಿನ ಪಾಲು ೪೦೪.೨೫ ಟಿ.ಎಂ.ಸಿ. ಎಂದು ನಿರ್ಣಯವಾಯಿತು. ನೆರೆಯ ರಾಜ್ಯಗಳೆರಡು ಹಂಚಿಕೊಳ್ಳಲಾರದೆ ಹೋದಾಗ ಮೂರನೆಯವರೊಬ್ಬರು ಇರಬೇಕಾಗುತ್ತದೆಂಬುದಕ್ಕೆ ಇದು ನಿದರ್ಶನ.

ಶಿಕ್ಷಣವು ಪಟ್ಟಿ ಬದಲಿಸಿದ ಕಥೆ

ಸಂವಿಧಾನವು ಜಾರಿಗೆ ಬಂದಾಗ ಶಿಕ್ಷಣವು ಮುಖ್ಯವಾಗಿ ರಾಜ್ಯಪಟ್ಟಿಯ ವಿಷಯವಾಗಿತ್ತು. ಉನ್ನತ ಶಿಕ್ಷಣದ ಮಟ್ಟವನ್ನು ನಿರ್ಧರಿಸುವುದು ಮಾತ್ರ ಮೊದಲಿನಿಂದಲೂ ಒಕ್ಕೂಟದ ಹೊಣೆ. ೧೯೭೬ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಅಂಗೀಕೃತವಾದ ೪೨ನೆಯ ತಿದ್ದುಪಡಿಯು ಐದು ವಿಷಯಗಳನ್ನು ರಾಜ್ಯಪಟ್ಟಿಯಿಂದ ತೆಗೆದು ಸಮವರ್ತಿ ಪಟ್ಟಿಗೆ ಸೇರಿಸಿತು: ಶಿಕ್ಷಣ, ಅರಣ್ಯ, ವನ್ಯಪ್ರಾಣಿ ಪಕ್ಷಿಗಳ ರಕ್ಷಣೆ, ತೂಕ ಮತ್ತು ಅಳತೆ, ಹಾಗೂ ಸರ್ವೋಚ್ಚ ಮತ್ತು ಉಚ್ಚ ನ್ಯಾಯಾಲಯಗಳನ್ನುಳಿದ ನ್ಯಾಯಾಲಯಗಳ ವ್ಯವಸ್ಥೆ. ಈ ಬದಲಾವಣೆ ೧೯೭೭ರ ಜನವರಿ ೩ರಿಂದ ಜಾರಿಗೆ ಬಂದಿತು. ೧೯೭೮ರ ೪೪ನೆಯ ತಿದ್ದುಪಡಿಯು ತುರ್ತುಪರಿಸ್ಥಿತಿಯ ಕಾಲದ ಅನೇಕ ಬದಲಾವಣೆಗಳನ್ನು ಅಳಿಸಿಹಾಕಿದರೂ ಇದು ಮಾತ್ರ ಹಾಗೆಯೇ ಉಳಿಯಿತು. ಏಳನೆಯ ಅನುಸೂಚಿಯನ್ನು ತಿದ್ದಲು ಅರ್ಧಕ್ಕೆ ಕಡಿಮೆಯಿಲ್ಲದಷ್ಟು ರಾಜ್ಯಗಳ ಶಾಸಕಾಂಗಗಳ ಸಮ್ಮತಿ ಬೇಕೆಂಬುದನ್ನು ನೆನೆದರೆ, ಕಳೆದುಕೊಂಡವರಲ್ಲಿ ಹಲವರು ತಾವೇ ಸಹಿ ಹಾಕಿ ಕಳೆದುಕೊಂಡರೆಂಬ ಕಹಿಸತ್ಯವೂ ಗೋಚರಿಸುತ್ತದೆ.

ಇದರ ಫಲವೇನು? ಒಳಿತೂ ಇದೆ, ಚಿಂತೆಯೂ ಇದೆ. ಆರರಿಂದ ಹದಿನಾಲ್ಕು ವಯಸ್ಸಿನ ಎಲ್ಲ ಮಕ್ಕಳಿಗೂ ಶಿಕ್ಷಣದ ಹಕ್ಕನ್ನು ಕೊಡುವ ೨೦೦೯ರ ಶಾಸನವನ್ನು ಸಂಸತ್ತು ಇಡೀ ದೇಶಕ್ಕೆ ಒಂದಾಗಿ ಮಾಡಲು ಸಾಧ್ಯವಾಯಿತು. ಅರಣ್ಯವನ್ನು ಬೇರೆ ಉಪಯೋಗಕ್ಕೆ ಕೊಡುವ ಮುನ್ನ ಒಕ್ಕೂಟ ಸರಕಾರದ ಒಪ್ಪಿಗೆ ಪಡೆಯಬೇಕೆಂಬ ೧೯೮೦ರ ಶಾಸನವು ಎಷ್ಟೋ ಕಾಡುಗಳನ್ನು ಉಳಿಸಿತು. ಆದರೆ ಪಾಠವು ಯಾವುದಿರಬೇಕು, ಪರೀಕ್ಷೆಯು ಹೇಗಿರಬೇಕು, ಯಾವ ಭಾಷೆಯಲ್ಲಿರಬೇಕು ಎಂಬುದು ಮಗುವಿನಿಂದ ದೂರವಾದಷ್ಟೂ ಮಗುವಿಗೆ ಕಷ್ಟ. ಬಳ್ಳಾರಿಯ ಹಳ್ಳಿಯ ಮಗುವಿನ ನಾಲಗೆಯಲ್ಲಿ ಯಾವ ಪದವಿದೆಯೆಂಬುದು ಅಲ್ಲಿಯ ಮಾಸ್ತರನಿಗೆ ಗೊತ್ತಿರುವಷ್ಟು ರಾಜಧಾನಿಯ ಸಮಿತಿಗೆ ಗೊತ್ತಿರಲಾರದು. ಇಡೀ ದೇಶಕ್ಕೆ ಅಗತ್ಯವಾದ ಹಕ್ಕನ್ನು ಘೋಷಿಸುವುದು ಒಂದು; ಪ್ರತಿಯೊಂದು ಶಾಲೆಯ ಕರಿಹಲಗೆಯವರೆಗೂ ಕೈ ಚಾಚುವುದು ಮತ್ತೊಂದು.

ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವು ನೆನಪಾಗುತ್ತದೆ. ಪತಿ ಮಾರಯ್ಯನದು ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ. ಲಕ್ಕಮ್ಮ ಸಂತೋಷಪಡಲಿಲ್ಲ, ನಮಗೆ ಬೇಕಾದುದಕ್ಕಿಂತ ಮಿಗಿಲಾದುದು ನಮ್ಮದಲ್ಲ, ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿದಳು. ಆ ಅಕ್ಕಿ ಕದ್ದದ್ದಲ್ಲ. ಅದರಲ್ಲಿದ್ದ ದೋಷ ಒಂದೇ: ಅದು ಅಗತ್ಯಕ್ಕಿಂತ ಹೆಚ್ಚಾಗಿತ್ತು. ಅಧಿಕಾರದ ವಿಷಯದಲ್ಲಿಯೂ ಇದೇ ಅಳತೆಗೋಲು ಸಲ್ಲುತ್ತದೆ. ಒಂದು ಅಧಿಕಾರವನ್ನು ಕಾನೂನಿನ ಪ್ರಕಾರವೇ ಪಡೆದಿರಬಹುದು. ಆದರೂ ಕಾಯಕಕ್ಕೆ ಬೇಕಾದಷ್ಟೇ ಇದೆಯೋ, ಮಿಕ್ಕಿದೆಯೋ ಎಂದು ಕೇಳಲೇಬೇಕು. ಕೇಳಿದವಳು ಮನೆಯೊಳಗಿದ್ದ ಹೆಂಡತಿ, ಕೇಳಿಸಿಕೊಂಡವನು ಗಂಡ. ಕಿರಿಯದೆನಿಸಿಕೊಂಡದ್ದು ಹಿರಿಯದೆನಿಸಿಕೊಂಡದ್ದನ್ನು ಪ್ರಶ್ನಿಸುವುದು ಅವಿನಯವಲ್ಲವೆಂಬ ಪಾಠವೂ ಇದರಲ್ಲಿದೆ.

ಭಂಡಾರದ ಪ್ರಶ್ನೆ

ಕೆಲಸದ ಹಂಚಿಕೆಯು ಕಾಗದದ ಮೇಲೆ ಎಷ್ಟೇ ಚೆನ್ನಾಗಿದ್ದರೂ ಧನವಿಲ್ಲದಿದ್ದರೆ ಅದು ಬರಿಮಾತು. ಕೃಷಿಯೇತರ ವರಮಾನದ ಮೇಲಣ ತೆರಿಗೆ, ಕಂಪನಿಗಳ ತೆರಿಗೆ, ಸೀಮಾಸುಂಕ ಮೊದಲಾದ ದೊಡ್ಡ ಆದಾಯಮೂಲಗಳು ಒಕ್ಕೂಟದ ಕೈಯಲ್ಲಿವೆ. ಭೂಕಂದಾಯ, ಮದ್ಯದ ಮೇಲಣ ಅಬಕಾರಿ, ಮುದ್ರಾಂಕ, ವಾಹನತೆರಿಗೆ ಮೊದಲಾದುವು ರಾಜ್ಯದವು. ಆದರೆ ಜನರ ಬದುಕಿಗೆ ಹತ್ತಿರದ ವೆಚ್ಚಗಳೆಲ್ಲ, ಅಂದರೆ ಶಾಲೆ, ಆಸ್ಪತ್ರೆ, ಪೊಲೀಸು, ನೀರಾವರಿ, ಬಹುಮಟ್ಟಿಗೆ ರಾಜ್ಯದ ಹೆಗಲಮೇಲೆ. ಈ ಅಸಮತೆಯನ್ನು ಸಂವಿಧಾನಕರ್ತರು ಬಲ್ಲವರಾಗಿದ್ದರು. ಆದುದರಿಂದಲೇ ೨೮೦ನೆಯ ಅನುಚ್ಛೇದದಲ್ಲಿ ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗವನ್ನು ನೇಮಿಸುವ ವ್ಯವಸ್ಥೆ ಮಾಡಿದರು. ಕೆ. ಸಿ. ನಿಯೋಗಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಆಯೋಗವು ೧೯೫೧ರಲ್ಲಿ ನೇಮಕವಾಯಿತು. ೨೦೧೫-೨೦ರ ಅವಧಿಗೆ ಹದಿನಾಲ್ಕನೆಯ ಆಯೋಗವು ಹಂಚಬೇಕಾದ ತೆರಿಗೆಯಲ್ಲಿ ನೂರಕ್ಕೆ ೪೨ನ್ನು ರಾಜ್ಯಗಳಿಗೆ ಕೊಡಬೇಕೆಂದಿತು. ಹದಿನೈದನೆಯದು ಜಮ್ಮು ಕಾಶ್ಮೀರವು ಕೇಂದ್ರಾಡಳಿತ ಪ್ರದೇಶವಾದುದನ್ನು ಲೆಕ್ಕಕ್ಕೆ ಹಿಡಿದು ಅದನ್ನು ೪೧ ಮಾಡಿತು.

ರಾಜ್ಯಗಳಿಗೆ ಬಂದ ಈ ಮೊತ್ತವನ್ನು ಅವುಗಳೊಳಗೆ ಹಂಚುವಾಗ ಮತ್ತೊಂದು ತೊಡಕು. ಹದಿನಾಲ್ಕನೆಯ ಆಯೋಗದ ಕಾಲದಲ್ಲಿ ನೂರಕ್ಕೆ ೪.೭೧೩ ಇದ್ದ ಕರ್ನಾಟಕದ ಪಾಲು ೨೦೨೧-೨೬ರ ಅವಧಿಗೆ ೩.೬೪೭ಕ್ಕೆ ಇಳಿಯಿತು. ತಲಾದಾಯ ಕಡಿಮೆಯಿರುವ ರಾಜ್ಯಕ್ಕೆ ಹೆಚ್ಚು ಎಂಬ ಅಂಶಕ್ಕೆ ಆಯೋಗವು ನೂರಕ್ಕೆ ೪೫ರಷ್ಟು ತೂಕವಿತ್ತುದೂ, ೨೦೧೧ರ ಜನಗಣತಿಯನ್ನು ಆಧಾರವಾಗಿ ಹಿಡಿದುದೂ ಇದಕ್ಕೆ ಮುಖ್ಯ ಕಾರಣಗಳು. ಕನ್ನಡಿಗರಿಗೆ ನೋವಾದುದು ಸಹಜ. ಆದರೆ ದಾಸೋಹವನ್ನು ನಂಬಿದ ನಾವು ಒಂದು ಮಾತನ್ನು ಒಪ್ಪಬೇಕು: ಉಳ್ಳವನು ಇಲ್ಲದವನಿಗೆ ಕೊಡಬೇಕೆಂಬುದು ಅನ್ಯಾಯವಲ್ಲ. ಬಿಹಾರದ ಬಡಮಗುವಿಗೆ ಹಾಲು ದೊರೆತರೆ ಕರ್ನಾಟಕವು ಬಡವಾಗುವುದಿಲ್ಲ. ನಮ್ಮ ಪ್ರಶ್ನೆಯು ಬೇರೆಯದಾಗಿರಬೇಕು. ದಾಸೋಹದ ಪಂಕ್ತಿಯಲ್ಲಿ ಅಡಿಗೆಯೆಲ್ಲ ಪಂಕ್ತಿಗೆ ಬರಬೇಕು. ಒಂದು ಪಾತ್ರೆಯನ್ನು ಒಳಮನೆಯಲ್ಲಿ ಮುಚ್ಚಿಟ್ಟು ಉಳಿದುದನ್ನು ಸಮನಾಗಿ ಬಡಿಸಿದೆನೆಂದರೆ ಆಗದು. ಒಕ್ಕೂಟವು ವಿಧಿಸುವ ಸೆಸ್ಸು, ಸರ್‌ಚಾರ್ಜುಗಳು ೨೭೦ನೆಯ ಅನುಚ್ಛೇದದಂತೆ ಹಂಚಿಕೆಯ ಮೊತ್ತಕ್ಕೆ ಸೇರುವುದಿಲ್ಲ. ಅವು ಬೆಳೆದಷ್ಟೂ ನೂರಕ್ಕೆ ೪೧ ಎಂಬ ಮಾತಿನ ತಿರುಳು ಸಣ್ಣದಾಗುತ್ತದೆ. ರಾಜ್ಯಗಳ ಆಕ್ಷೇಪಣೆಯಲ್ಲಿ ಅತ್ಯಂತ ನ್ಯಾಯವಾದುದು ಇದು.

೨೦೧೬ರ ೧೦೧ನೆಯ ತಿದ್ದುಪಡಿಯಿಂದಾಗಿ ೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆ ಬಂದಿತು. ರಾಜ್ಯಗಳು ತಮ್ಮ ಮಾರಾಟ ತೆರಿಗೆಯ ಬಹುಭಾಗವನ್ನು ಸಮಾನ ಬೊಕ್ಕಸಕ್ಕೆ ಒಪ್ಪಿಸಿದವು. ಇದರ ಮಂಡಲಿಯಲ್ಲಿ ಒಕ್ಕೂಟದ ಮತಕ್ಕೆ ಮೂರರಲ್ಲೊಂದು ಪಾಲು, ಎಲ್ಲ ರಾಜ್ಯಗಳಿಗೂ ಸೇರಿ ಮೂರರಲ್ಲೆರಡು ಪಾಲು. ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಅಂದರೆ ಒಕ್ಕೂಟವನ್ನು ಬಿಟ್ಟು ರಾಜ್ಯಗಳೆಲ್ಲ ಸೇರಿದರೂ ಏನೂ ಮಾಡಲಾಗದು. ರಾಜ್ಯಗಳಲ್ಲಿ ಹೆಚ್ಚಿನವುಗಳ ಒಪ್ಪಿಗೆಯಿಲ್ಲದೆ ಒಕ್ಕೂಟಕ್ಕೂ ಏನೂ ಮಾಡಲಾಗದು. ಮಂಡಲಿಯ ಶಿಫಾರಸುಗಳು ಮಾರ್ಗದರ್ಶಕವೇ ಹೊರತು ಶಾಸಕಾಂಗಗಳನ್ನು ಕಟ್ಟಿಹಾಕುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೨ರ ಮೇ ತಿಂಗಳಲ್ಲಿ ಹೇಳಿತು. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರೆಂದು ನಮ್ಮ ಪುರಾಣಪರಂಪರೆಯು ಹೇಳುತ್ತದೆ. ಕೊಂಡೆಯರು ದೂರಿತ್ತಾಗ ಲೆಕ್ಕವನ್ನು ತೆರೆದು ತೋರಿಸಿದರೆಂಬ ಕಥೆಯೂ ಉಂಟು. ಭಂಡಾರಿಯು ಭಂಡಾರದ ಒಡೆಯನಲ್ಲ. ಕೇಳಿದವರಿಗೆ ಲೆಕ್ಕ ತೋರಿಸುವುದೇ ಅವನ ಕಾಯಕ. ಈ ಮಾತು ದೆಹಲಿಗೂ ಬೆಂಗಳೂರಿಗೂ ಸಮಾನವಾಗಿ ಅನ್ವಯಿಸುತ್ತದೆ.

ಬೊಮ್ಮಾಯಿಯವರ ಮೊಕದ್ದಮೆ

ಪಟ್ಟಿ, ತೆರಿಗೆಗಳಿಗಿಂತ ತೀಕ್ಷ್ಣವಾದ ಪ್ರಶ್ನೆಯೊಂದಿದೆ. ಜನರು ಆರಿಸಿದ ರಾಜ್ಯ ಸರಕಾರವನ್ನೇ ಒಕ್ಕೂಟವು ತೆಗೆದುಹಾಕಬಹುದೆ? ರಾಜ್ಯದ ಆಡಳಿತವು ಸಂವಿಧಾನಾನುಸಾರ ನಡೆಯಲಾಗದ ಸ್ಥಿತಿಯೊದಗಿದರೆ ರಾಷ್ಟ್ರಪತಿಯ ಆಳಿಕೆಯನ್ನು ಹೇರಲು ೩೫೬ನೆಯ ಅನುಚ್ಛೇದವು ಅವಕಾಶ ಕೊಡುತ್ತದೆ. ಇದು ಬಳಕೆಗೆ ಬಾರದೆ ಹಾಗೆಯೇ ಉಳಿಯಲೆಂದು ಡಾ. ಅಂಬೇಡ್ಕರರು ಹಾರೈಸಿದ್ದರು. ಹಾರೈಕೆ ಫಲಿಸಲಿಲ್ಲ. ೧೯೫೯ರಲ್ಲಿ ಕೇರಳದ ಸರಕಾರವು ಹೀಗೆ ವಜಾ ಆಯಿತು. ಮೊದಲ ನಾಲ್ಕೂವರೆ ದಶಕಗಳಲ್ಲಿ ಈ ಅಸ್ತ್ರವನ್ನು ತೊಂಬತ್ತಕ್ಕೂ ಮಿಕ್ಕಿ ಸಲ ಪ್ರಯೋಗಿಸಲಾಯಿತು. ೧೯೮೩ರ ಮಾರ್ಚ್ ತಿಂಗಳಲ್ಲಿ ರಾಮಕೃಷ್ಣ ಹೆಗಡೆಯವರು ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿನಲ್ಲಿ ಸೇರಿಸಿದ ಬೆನ್ನಿಗೇ ಕೇಂದ್ರ-ರಾಜ್ಯ ಸಂಬಂಧಗಳ ಪರಿಶೀಲನೆಗಾಗಿ ನ್ಯಾಯಮೂರ್ತಿ ಸರ್ಕಾರಿಯಾ ಆಯೋಗವು ನೇಮಕವಾಯಿತು. ೩೫೬ನ್ನು ಕಟ್ಟಕಡೆಯ ಉಪಾಯವಾಗಿ, ಅತ್ಯಂತ ವಿರಳವಾಗಿ ಮಾತ್ರ ಬಳಸಬೇಕೆಂಬುದು ಅದರ ಅಭಿಪ್ರಾಯ.

ಆಯೋಗವು ವರದಿಯಿತ್ತ ಮೇಲೆ ಹೆಚ್ಚು ಕಾಲ ಕಳೆಯುವ ಮುನ್ನವೇ ಕರ್ನಾಟಕದಲ್ಲಿ ಅದರ ಪರೀಕ್ಷೆ ನಡೆಯಿತು. ೧೯೮೮ರ ಆಗಸ್ಟಿನಲ್ಲಿ ಮುಖ್ಯಮಂತ್ರಿಗಳಾದ ಎಸ್. ಆರ್. ಬೊಮ್ಮಾಯಿಯವರ ಸರಕಾರಕ್ಕೆ ಬೆಂಬಲವಿಲ್ಲವೆಂದು ಹತ್ತೊಂಬತ್ತು ಶಾಸಕರ ಪತ್ರಗಳು ೧೯೮೯ರ ಏಪ್ರಿಲಿನಲ್ಲಿ ರಾಜ್ಯಪಾಲರ ಕೈಸೇರಿದವು. ಕೆಲವೇ ದಿನಗಳಲ್ಲಿ ಅವರಲ್ಲಿ ಏಳು ಮಂದಿ ತಮ್ಮ ಬೆಂಬಲ ಸರಕಾರಕ್ಕೇ ಎಂದು ತಿಳಿಸಿದರು. ಸದನವನ್ನು ಕೂಡಲೇ ಕರೆಯಿರಿ, ಅಲ್ಲಿಯೇ ಬಹುಮತವನ್ನು ತೋರಿಸುತ್ತೇನೆಂದು ಮುಖ್ಯಮಂತ್ರಿಗಳು ಹೇಳಿದರು. ಅವಕಾಶ ದೊರೆಯಲಿಲ್ಲ. ಏಪ್ರಿಲ್ ೨೧ರಂದು ಸರಕಾರವು ವಜಾ ಆಯಿತು, ವಿಧಾನಸಭೆಯು ವಿಸರ್ಜಿತವಾಯಿತು. ಬೊಮ್ಮಾಯಿಯವರು ಉಚ್ಚ ನ್ಯಾಯಾಲಯಕ್ಕೆ ಹೋದರು. ಅಲ್ಲಿ ಅರ್ಜಿ ವಜಾ ಆದಮೇಲೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು.

೧೯೯೪ರ ಮಾರ್ಚ್ ೧೧ರಂದು ಒಂಬತ್ತು ನ್ಯಾಯಾಧೀಶರ ಪೀಠವು ತೀರ್ಪಿತ್ತಿತು. ಸರಕಾರಕ್ಕೆ ಬಹುಮತವಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುವ ಸ್ಥಳ ಸದನವೇ ಹೊರತು ರಾಜಭವನವಲ್ಲ. ೩೫೬ರ ಘೋಷಣೆಯನ್ನು ನ್ಯಾಯಾಲಯವು ಪರಿಶೀಲಿಸಬಹುದು. ಸಂಸತ್ತಿನ ಉಭಯ ಸದನಗಳ ಒಪ್ಪಿಗೆಗೆ ಮುನ್ನ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಒಕ್ಕೂಟತತ್ತ್ವವು ಸಂವಿಧಾನದ ಮೂಲರಚನೆಗೆ ಸೇರಿದ್ದು. ರಾಜ್ಯಗಳು ಕೇಂದ್ರದ ಬಾಲಂಗೋಚಿಗಳಲ್ಲ - ಇವು ತೀರ್ಪಿನ ಸಾರ. ಕರ್ನಾಟಕದ ವಜಾ ಸಂವಿಧಾನಬಾಹಿರವೆಂದು ಸಾರಲಾಯಿತು. ಆದರೆ ಅಷ್ಟರಲ್ಲಿ ಐದು ವರ್ಷಗಳು ಕಳೆದು, ಹೊಸ ಚುನಾವಣೆ ನಡೆದು, ಹೊಸ ಸರಕಾರಗಳು ಬಂದಿದ್ದವು. ಬೊಮ್ಮಾಯಿಯವರಿಗೆ ಗೆಲುವಾಯಿತು, ಅಧಿಕಾರ ಬರಲಿಲ್ಲ. ಅವರು ನೆಟ್ಟ ಮರದ ಹಣ್ಣು ಬೇರೆಯವರಿಗೆ ದಕ್ಕಿತು: ಅದೇ ತತ್ತ್ವವನ್ನು ಆಧರಿಸಿ ೨೦೧೬ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅರುಣಾಚಲ ಪ್ರದೇಶದ ಪದಚ್ಯುತ ಸರಕಾರವನ್ನು ಮರಳಿ ಸ್ಥಾಪಿಸಿತು. ನಮ್ಮ ನಾಡಿನ ಒಂದು ಮೊಕದ್ದಮೆಯು ಇಡೀ ದೇಶದ ರಾಜ್ಯಗಳಿಗೆ ಕವಚವಾದುದು ಕನ್ನಡಿಗರು ನೆನೆಯತಕ್ಕ ಸಂಗತಿ. ಮುಚ್ಚಿದ ಲಕೋಟೆಯಲ್ಲಿ ಅಲ್ಲ, ತೆರೆದ ಸಭೆಯಲ್ಲಿ ನಿರ್ಣಯವಾಗಬೇಕೆಂಬ ಮಾತು ಅನುಭವಮಂಟಪದ ನೆನಪುಳ್ಳ ನಾಡಿಗೆ ಹೊಸದೂ ಅಲ್ಲ.

ಅದೇ ಅಳತೆ, ಊರಿಗೂ

ಇಷ್ಟನ್ನು ಹೇಳಿ ಲೇಖನವನ್ನು ಮುಗಿಸಿದರೆ ವಾಚಕರಿಗೆ ಸುಖವಾದೀತು. ತಪ್ಪೆಲ್ಲ ದೆಹಲಿಯದೆಂದು ಪತ್ರಿಕೆಯನ್ನು ಮಡಿಸಿಡಬಹುದು. ಆದರೆ ಲಕ್ಕಮ್ಮನ ಅಳತೆ ಒಂದೇ ಮನೆಗೆ ಮೀಸಲಲ್ಲ. ರಾಜ್ಯವು ಒಕ್ಕೂಟವನ್ನು ಕೇಳುವ ಪ್ರಶ್ನೆಯನ್ನೇ ಗ್ರಾಮಪಂಚಾಯಿತಿಯು ರಾಜ್ಯವನ್ನು ಕೇಳಬಹುದು.

ಈ ವಿಷಯದಲ್ಲಿ ಕರ್ನಾಟಕವು ಒಮ್ಮೆ ದೇಶಕ್ಕೆ ಮೇಲ್ಪಂಕ್ತಿಯಾಗಿತ್ತು. ಅಬ್ದುಲ್ ನಜೀರ್ ಸಾಬರು ಪಂಚಾಯತ್ ರಾಜ್ ಸಚಿವರಾಗಿದ್ದಾಗ ೧೯೮೩ರ ಶಾಸನವು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ನಿಜವಾದ ಅಧಿಕಾರವನ್ನು ಕೊಟ್ಟಿತು. ೧೯೯೨ರ ೭೩ನೆಯ ತಿದ್ದುಪಡಿಯು ೧೯೯೩ರ ಏಪ್ರಿಲ್ ೨೪ರಿಂದ ಜಾರಿಗೆ ಬಂದು, ಪಂಚಾಯಿತಿಗಳಿಗೆ ಸಂವಿಧಾನದಲ್ಲಿಯೇ ಸ್ಥಾನವನ್ನು ಕಲ್ಪಿಸಿ, ೨೯ ವಿಷಯಗಳ ಹನ್ನೊಂದನೆಯ ಅನುಸೂಚಿಯನ್ನು ಸೇರಿಸಿತು. ಆದರೆ ಅವುಗಳಲ್ಲಿ ಎಷ್ಟನ್ನು ಕೊಡಬೇಕೆಂಬುದನ್ನು ನಿರ್ಧರಿಸುವುದು ರಾಜ್ಯದ ಶಾಸಕಾಂಗವೇ. ಕರ್ನಾಟಕದಲ್ಲಿ ೨೦೨೧ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆರಿಸಿಬಂದವರ ಸ್ಥಾನದಲ್ಲಿ ಅಧಿಕಾರಿಗಳು ಆಡಳಿತ ನಡೆಸಿದರು. ಅದಕ್ಕೆ ಒಂದು ಪಕ್ಷವನ್ನು ಹೊಣೆಮಾಡುವಂತಿಲ್ಲ. ಒಂದರ ಹಿಂದೊಂದರಂತೆ ಬಂದ ಬೇರೆಬೇರೆ ಪಕ್ಷಗಳ ಸರಕಾರಗಳ ಕಾಲದಲ್ಲಿ ಅದು ಮುಂದುವರಿಯಿತು. ಆರಿಸಿದ ಸಭೆಯನ್ನು ವಿಸರ್ಜಿಸುವುದು ಅನ್ಯಾಯವಾದರೆ ಸಭೆಯನ್ನು ಆರಿಸಲು ಅವಕಾಶವನ್ನೇ ಕೊಡದಿರುವುದು ನ್ಯಾಯವಾದೀತೆ? ಮೇಲಕ್ಕೆ ಕೈ ಚಾಚುವವನು ಕೆಳಕ್ಕೆ ಮುಷ್ಟಿ ಬಿಗಿದರೆ ಅವನ ವಾದಕ್ಕೆ ಬೆಲೆಯುಳಿಯದು.

ಒಟ್ಟಿನಲ್ಲಿ ಹೇಳುವುದಾದರೆ, ಒಕ್ಕೂಟ ಪದ್ಧತಿಯು ಎರಡು ಸರಕಾರಗಳ ನಡುವಣ ಹಗ್ಗಜಗ್ಗಾಟವಲ್ಲ. ಜನತೆಯು ತನ್ನ ಕೆಲಸವನ್ನು ಹಲವು ಕೈಗಳಿಗೆ ಒಪ್ಪಿಸಿ, ಒಂದೊಂದು ಕೈಗೂ ಅದರದರ ಕೆಲಸಕ್ಕೆ ಬೇಕಾದಷ್ಟು ಅಧಿಕಾರವನ್ನೂ ಧನವನ್ನೂ ಕೊಡುವ ವ್ಯವಸ್ಥೆ ಅದು. ಗಡಿಯ ರಕ್ಷಣೆಗೆ ದೊಡ್ಡ ಕೈ ಬೇಕು, ಊರಿನ ಕೊಳಾಯಿಗೆ ಹತ್ತಿರದ ಕೈ ಬೇಕು. ಯಾವ ಕೈಗೆ ಎಷ್ಟು ಸಾಕೆಂಬುದು ಒಮ್ಮೆ ಬರೆದಿಟ್ಟು ಮರೆಯುವ ವಿಷಯವಲ್ಲ. ಐದು ವರ್ಷಕ್ಕೊಮ್ಮೆ ಆಯೋಗವು ಕೇಳಬೇಕು, ವಿವಾದ ಬಂದಾಗ ನ್ಯಾಯಾಲಯವು ಕೇಳಬೇಕು, ಎಲ್ಲಕ್ಕಿಂತ ಮಿಗಿಲಾಗಿ ನಾಗರಿಕರು ದಿನವೂ ಕೇಳುತ್ತಿರಬೇಕು.

ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿಜ್ಞಾಪನೆ. ವಚನಗಳನ್ನು ಓದುವ ಶ್ರದ್ಧೆಯಿಂದಲೇ ಒಮ್ಮೆ ಸಂವಿಧಾನದ ಏಳನೆಯ ಮತ್ತು ಹನ್ನೊಂದನೆಯ ಅನುಸೂಚಿಗಳನ್ನು ಓದಿರಿ. ಕನ್ನಡದಲ್ಲಿ ಅವು ದೊರೆಯುತ್ತವೆ. ಅನಂತರ ನಿಮ್ಮ ಊರಿನ ಶಾಲೆ, ಕೆರೆ, ರಸ್ತೆ, ಆಸ್ಪತ್ರೆಗಳನ್ನು ನೋಡಿ, ಯಾವುದು ಯಾರ ಕಾಯಕವೆಂದು ಗುರುತಿಸಿರಿ. ಮುಂದೆ ಯಾರಾದರೂ 'ಮೇಲಿನ ಸರಕಾರ' ಎಂದಾಗ, ಮೇಲಿರುವುದು ಸಂವಿಧಾನವೊಂದೇ, ಉಳಿದ ಸರಕಾರಗಳೆಲ್ಲ ಅದರ ಕಾಯಕಜೀವಿಗಳೆಂದು ವಿನಯದಿಂದ ತಿದ್ದಿರಿ.